ನೆತ್ತಿಯ ಸಾಲು: ದಾಖಲೆ ಕೊಟ್ಟು ಪ್ರಬಂಧ ಕೇಳುವ ಇತಿಹಾಸ ಪರೀಕ್ಷೆ

ಇತಿಹಾಸದ ಪರೀಕ್ಷೆ ಎಂದರೆ ನೆನಪಿನ ಪರೀಕ್ಷೆ ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿಯೋ, ಐವತ್ತು ವರ್ಷಗಳ ಹಿಂದೆ ಅಮೆರಿಕದಲ್ಲೂ ಅಷ್ಟೇ ಗಟ್ಟಿಯಾಗಿತ್ತು. ಅಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಎ.ಪಿ. ಪರೀಕ್ಷೆಗಳನ್ನು ನಡೆಸುತ್ತದೆ. ಪ್ರೌಢಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಪರೀಕ್ಷೆಗಳಿವು. ಚುರುಕಾದ ಮಕ್ಕಳು ಬರುತ್ತಿದ್ದರು, ಉರು ಹೊಡೆದದ್ದನ್ನು ಹಾಳೆಯ ಮೇಲೆ ಸುರಿಯುತ್ತಿದ್ದರು, ಎದ್ದು ಹೋಗುತ್ತಿದ್ದರು. ಇಂಥ ಉತ್ತರಗಳಿಂದ ಬೇಸತ್ತ ಪ್ರಶ್ನೆಪತ್ರಿಕೆ ಸಮಿತಿ 1973ರಲ್ಲಿ ಅಮೆರಿಕದ ಇತಿಹಾಸದ ಪತ್ರಿಕೆಗೆ ಹೊಸ ಬಗೆಯ ಪ್ರಶ್ನೆಯೊಂದನ್ನು ಸೇರಿಸಿತು. ಅದರ ಹಿಂದಿದ್ದವರು ಜೈಲ್ಸ್ ಹೇಯ್ಸ್ ಮತ್ತು ಸ್ಟೀಫನ್ ಕ್ಲೈನ್. ಒಂದು ಕಾಲಘಟ್ಟದ ಪತ್ರ, ಭಾಷಣ, ಪತ್ರಿಕೆಯ ತುಣುಕು, ಚಿತ್ರ, ಅಂಕಿಅಂಶದ ಪಟ್ಟಿ ಎಲ್ಲವನ್ನೂ ವಿದ್ಯಾರ್ಥಿಯ ಕೈಗಿತ್ತು, ಇವನ್ನು ಆಧಾರವಾಗಿಟ್ಟುಕೊಂಡು ಒಂದು ವಾದ ಕಟ್ಟಿ ಎಂದು ಕೇಳಿದರು. ಡಾಕ್ಯುಮೆಂಟ್ ಬೇಸ್ಡ್ ಕ್ವೆಶ್ಚನ್ ಎಂಬುದು ಅದರ ಪೂರ್ತಿ ಹೆಸರು. ಮಕ್ಕಳ ಬಾಯಲ್ಲಿ ಅದು ಡಿಬಿಕ್ಯು.

ಇವತ್ತು ಅಮೆರಿಕದ ಇತಿಹಾಸ ಒಂದರಲ್ಲೇ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಈ ಪ್ರಶ್ನೆಗೆ ಉತ್ತರ ಬರೆಯುತ್ತಾರೆ. ವಿಶ್ವ ಇತಿಹಾಸ, ಯುರೋಪಿನ ಇತಿಹಾಸಗಳ ಪತ್ರಿಕೆಗಳಲ್ಲೂ ಅದಿದೆ. ಕುಪರ್ಟಿನೊ, ಫ್ರಿಮಾಂಟ್, ಎಡಿಸನ್‌ನಂಥ ಊರುಗಳ ಕನ್ನಡಿಗರ ಮನೆಗಳಲ್ಲಿ ಎ.ಪಿ. ಎಂಬ ಎರಡಕ್ಷರ ಬೆಂಗಳೂರಿನ ಮನೆಗಳ ಸಿಇಟಿಯಷ್ಟೇ ಬಳಕೆಯಲ್ಲಿದೆ. ಗಣಿತ, ಭೌತಶಾಸ್ತ್ರಗಳಲ್ಲಿ ಮಗುವಿನ ಪಕ್ಕ ಕೂತು ಹೇಳಿಕೊಡುವ ಅಪ್ಪ ಅಮ್ಮ ಇತಿಹಾಸದ ಈ ಪ್ರಶ್ನೆ ಬಂದೊಡನೆ ಹಿಂದೆ ಸರಿಯುತ್ತಾರೆ. ಅವರು ಓದಿ ಬಂದ ಪದ್ಧತಿಯಲ್ಲಿ ಹೀಗೆ ಕೇಳಿದವರೇ ಇರಲಿಲ್ಲ. ಕೃಷ್ಣದೇವರಾಯನ ಸಾಧನೆಗಳನ್ನು ವಿವರಿಸಿ ಎಂದರೆ ಅವರು ಈಗಲೂ ಬರೆದಾರು. ಏಳು ಕಾಗದ ಮುಂದಿಟ್ಟು ಇವುಗಳಲ್ಲಿ ಯಾವುದನ್ನು ಎಷ್ಟು ನಂಬುತ್ತೀರಿ ಎಂದರೆ ಏನು ಬರೆಯುವುದು?

ಈ ಉಪನ್ಯಾಸ ಆ ಪ್ರಶ್ನೆಯ ಸುತ್ತಲಿನದು. ಮೊದಲೇ ಹೇಳಿಬಿಡಬಹುದಾದ ಮಾತೊಂದಿದೆ. ಈ ಪರೀಕ್ಷೆಯ ಸಿದ್ಧತೆ ದಾಖಲೆಯ ಒಡಲನ್ನು ಓದುವುದಕ್ಕಿಂತ ಮುಂಚೆ, ಅದರ ನೆತ್ತಿಯ ಮೇಲೆ ಅಚ್ಚಾಗಿರುವ ಒಂದೇ ಒಂದು ಸಾಲನ್ನು ಓದುವ ಅಭ್ಯಾಸದಿಂದ ಶುರುವಾಗಬೇಕು. ಬರೆದವರು ಯಾರು, ಯಾವಾಗ, ಎಲ್ಲಿ, ಯಾರಿಗಾಗಿ ಎಂಬುದು ಆ ಸಾಲಿನಲ್ಲಿರುತ್ತದೆ. ಪರೀಕ್ಷೆಯಲ್ಲಿ ಬಹುಪಾಲು ಮಕ್ಕಳು ಹಾರಿಸಿ ಓದುವುದು ಅದನ್ನೇ.

ಇದು ಅನುಭವದ ಊಹೆಯಷ್ಟೇ ಅಲ್ಲ. ಸ್ಯಾಮ್ ವೈನ್‌ಬರ್ಗ್ ಎಂಬ ಶಿಕ್ಷಣ ಮನೋವಿಜ್ಞಾನಿ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಎಂಟು ಜನ ಇತಿಹಾಸಕಾರರು, ಎಂಟು ಜನ ಜಾಣ ಪ್ರೌಢಶಾಲಾ ವಿದ್ಯಾರ್ಥಿಗಳು. ಎರಡೂ ಗುಂಪಿಗೆ ಕೊಟ್ಟದ್ದು ಲೆಕ್ಸಿಂಗ್ಟನ್ ಕಾಳಗದ ಕಾಗದಗಳ ಒಂದೇ ಕಟ್ಟು. 1775ರ ಏಪ್ರಿಲ್ 19ರ ಬೆಳಗಿನ ಜಾವ ಮ್ಯಾಸಚೂಸೆಟ್ಸಿನ ಆ ಹಳ್ಳಿಯ ಬಯಲಿನಲ್ಲಿ ಬ್ರಿಟಿಷ್ ಸೈನಿಕರೂ ಊರಿನ ಕಾವಲುಪಡೆಯವರೂ ಎದುರುಬದುರಾದರು, ಗುಂಡು ಹಾರಿತು, ಊರಿನವರಲ್ಲಿ ಎಂಟು ಮಂದಿ ಸತ್ತರು. ಮೊದಲ ಗುಂಡು ಯಾರದೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಕಟ್ಟಿನಲ್ಲಿ ಊರಿನವರು ಪ್ರಮಾಣ ಮಾಡಿ ಕೊಟ್ಟ ಹೇಳಿಕೆ, ಬ್ರಿಟಿಷ್ ಅಧಿಕಾರಿಯ ದಿನಚರಿ, ಕಾದಂಬರಿಯೊಂದರ ತುಣುಕು, ಶಾಲಾ ಪಠ್ಯಪುಸ್ತಕದ ಪುಟ ಎಲ್ಲವೂ ಇದ್ದವು. ಓದುತ್ತಾ ಮನಸ್ಸಿನಲ್ಲಿ ಏನು ಓಡುತ್ತಿದೆಯೋ ಅದನ್ನು ಗಟ್ಟಿಯಾಗಿ ಹೇಳಿ ಎಂದಿದ್ದರು ವೈನ್‌ಬರ್ಗ್.

ಇತಿಹಾಸಕಾರರು ಹೆಚ್ಚುಕಡಿಮೆ ಪ್ರತಿ ಸಲವೂ ಮೊದಲು ಆಕರದ ಸಾಲಿಗೆ ಕಣ್ಣು ಹಾಯಿಸಿ ಆಮೇಲೆ ಒಳಗೆ ಇಳಿದರು. ವಿದ್ಯಾರ್ಥಿಗಳು ಹಾಗೆ ಮಾಡಿದ್ದು ಮೂರರಲ್ಲಿ ಒಂದು ಸಲ. ಉಳಿದಂತೆ ಅವರು ಮೊದಲ ಪದದಿಂದ ಕೊನೆಯ ಪದದವರೆಗೆ ಓದಿಕೊಂಡು ಹೋದರು, ಬರೆದವರ ಹೆಸರು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಮಜಾ ಇರುವುದು ಇನ್ನೊಂದು ಕಡೆ. ಇವುಗಳಲ್ಲಿ ಹೆಚ್ಚು ನಂಬಬಹುದಾದ್ದು ಯಾವುದು ಎಂದು ಕೇಳಿದಾಗ ವಿದ್ಯಾರ್ಥಿಗಳು ತಲೆಯ ಮೇಲೆ ಹೊತ್ತು ತಂದದ್ದು ಪಠ್ಯಪುಸ್ತಕವನ್ನು. ಅದರಲ್ಲಿ ‘ನಾನು’ ಎಂಬುದಿಲ್ಲ, ಸಿಟ್ಟಿಲ್ಲ, ಪಕ್ಷವಿಲ್ಲ, ಆದ್ದರಿಂದ ಅದು ನಿಜ ಎಂದು ಅವರು ಎಣಿಸಿದರು. ಇತಿಹಾಸಕಾರರ ಪಟ್ಟಿಯಲ್ಲಿ ಅದೇ ಪಠ್ಯಪುಸ್ತಕ ತೀರ ಕೆಳಗಿತ್ತು. ಅವರೆಲ್ಲರೂ ಅಮೆರಿಕದ ಇತಿಹಾಸದಲ್ಲಿ ಪಳಗಿದವರೇನೂ ಆಗಿರಲಿಲ್ಲ. ಬೇರೆ ದೇಶ, ಬೇರೆ ಕಾಲದ ತಜ್ಞರೂ ಅವರಲ್ಲಿದ್ದರು. ಲೆಕ್ಸಿಂಗ್ಟನ್ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಕಾಗದವನ್ನು ಅಡ್ಡ ಸವಾಲಿಗೆ ಒಡ್ಡುವುದು ಮಾತ್ರ ಕೈಬಂದಿತ್ತು.

ಕನ್ನಡ ಓದುಗರಿಗೆ ಇದು ಹೊಸ ವಿದ್ಯೆ ಅಲ್ಲ ಎಂಬುದನ್ನು ಇಲ್ಲೇ ನೆನೆಯಬೇಕು. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ ತಂದದ್ದು 1886ರಲ್ಲಿ. ಗಂಗರ ತಾಮ್ರಪಟಗಳನ್ನು ಅವರು ನಂಬಿ ಕಾಲಗಣನೆ ಕಟ್ಟಿದರೆ, ಜೆ.ಎಫ್. ಫ್ಲೀಟ್ ಅವುಗಳಲ್ಲಿ ಹಲವನ್ನು ಕೂಟ ಶಾಸನಗಳೆಂದು ತಳ್ಳಿಹಾಕಿದರು. ಲಿಪಿ ಹೇಳಿದ ಕಾಲಕ್ಕೆ ಹೊಂದುತ್ತದೆಯೇ, ತಿಥಿ ವಾರಗಳು ತಾಳೆಯಾಗುತ್ತವೆಯೇ, ಈ ದಾನಪತ್ರ ನಿಜವಾದರೆ ಲಾಭ ಯಾರಿಗೆ ಎಂದು ಆ ಇಬ್ಬರು ನಡೆಸಿದ ಜಗಳ ಡಿಬಿಕ್ಯು ಬರೆಯುವ ಹುಡುಗಿಯೊಬ್ಬಳು ಮಾಡಬೇಕಾದ ಕೆಲಸದ ದೊಡ್ಡ ರೂಪ. ನಮ್ಮ ಶಾಸನ ಸಂಶೋಧಕರ ಸಾಲಿನಲ್ಲಿ ಈ ಸಂಶಯ ಮೈಗೂಡಿದೆ. ನಮ್ಮ ಪ್ರಶ್ನೆಪತ್ರಿಕೆಗಳಿಗೆ ಮಾತ್ರ ಅದರ ಗಾಳಿ ಹೆಚ್ಚು ಸೋಕಿಲ್ಲ.

ಈಗ ಪರೀಕ್ಷೆಯ ಲೆಕ್ಕಾಚಾರಕ್ಕೆ ಬರಬಹುದು. 2000ದ ದಶಕದಲ್ಲಿ ಎಂಟರಿಂದ ಹತ್ತು ದಾಖಲೆ ಕೊಡುತ್ತಿದ್ದರು, ಈಗ ಕೊಡುವುದು ಏಳು. ಸಮಯ ಒಂದು ಗಂಟೆ, ಅದರಲ್ಲಿ ಹದಿನೈದು ನಿಮಿಷ ಓದಿಗೆಂದು ಸೂಚಿಸಿದ್ದು. ಇಡೀ ಪರೀಕ್ಷೆಯ ಫಲಿತಾಂಶದಲ್ಲಿ ಇದೊಂದರ ಪಾಲು ಶೇ. 25. ಅಂಕಗಳು ಏಳು: ಸಮರ್ಥಿಸಿಕೊಳ್ಳಬಹುದಾದ ಪ್ರತಿಪಾದನೆಗೆ ಒಂದು, ಕಾಲದ ಹಿನ್ನೆಲೆಗೆ ಒಂದು, ದಾಖಲೆಗಳ ಬಳಕೆಗೆ ಎರಡು, ದಾಖಲೆಗಳಲ್ಲಿ ಇಲ್ಲದ, ತನಗೇ ಗೊತ್ತಿರುವ ಸಾಕ್ಷ್ಯಕ್ಕೆ ಒಂದು, ಬರೆದವನ ನಿಲುವು, ಉದ್ದೇಶ, ಸಂದರ್ಭ, ಓದುಗವರ್ಗಗಳನ್ನು ವಿವರಿಸಿದ್ದಕ್ಕೆ ಒಂದು, ವಾದದ ಸಂಕೀರ್ಣತೆಗೆ ಒಂದು. 2023–24ರಿಂದ ನಿಯಮ ಸಡಿಲವಾಗಿದೆ. ಮೊದಲು ಎರಡೂ ಅಂಕ ಸಿಗಲು ಆರು ದಾಖಲೆ ಬಳಸಬೇಕಿತ್ತು, ಈಗ ನಾಲ್ಕು ಸಾಕು. ನಿಲುವು–ಉದ್ದೇಶಗಳ ವಿವರಣೆ ಮೂರು ದಾಖಲೆಗಳ ಬದಲು ಎರಡಕ್ಕೆ ಸಾಕು.

ಈ ಪಟ್ಟಿಯಿಂದ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ. ಒಳ್ಳೆಯದೆಂದರೆ ಅಂಕ ಎಲ್ಲಿ ಅಡಗಿದೆ ಎಂಬುದು ಬಡವರ ಶಾಲೆಗೂ ಸಿರಿವಂತರ ಶಾಲೆಗೂ ಒಂದೇ ರೀತಿ ಗೊತ್ತು. ಹಳೆಯ ಪ್ರಶ್ನೆಗಳು, ಅಂಕ ಹಾಕುವ ಸೂತ್ರ, ಮಕ್ಕಳು ಬರೆದ ಮಾದರಿ ಉತ್ತರಗಳು, ಅವಕ್ಕೆ ಅಷ್ಟೇ ಅಂಕ ಯಾಕೆ ಬಂತು ಎಂಬ ಟಿಪ್ಪಣಿ, ಎಲ್ಲವನ್ನೂ ಕಾಲೇಜ್ ಬೋರ್ಡ್ ಬಿಟ್ಟಿಯಾಗಿ ಪ್ರಕಟಿಸುತ್ತದೆ. ದುಬಾರಿ ಗೈಡು ಕೊಳ್ಳುವ ಮುಂಚೆ ಅವನ್ನು ಓದಿದರೆ ಅರ್ಧ ಸಿದ್ಧತೆ ಮುಗಿದಂತೆ. ಕೆಟ್ಟದ್ದೆಂದರೆ ಇತಿಹಾಸಕಾರನ ಸಹಜ ಸಂಶಯ ಇಲ್ಲಿ ಇಂಗ್ಲಿಷಿನ ನಾಲ್ಕಕ್ಷರದ ಸೂತ್ರವಾಗಿ ಕೂತಿದೆ. ಹಿಪ್ ಎಂದು ಮೇಷ್ಟ್ರು ಹಲಗೆಯ ಮೇಲೆ ಬರೆಯುತ್ತಾರೆ: ಹಿನ್ನೆಲೆ, ಓದುಗವರ್ಗ, ಉದ್ದೇಶ, ನಿಲುವು. ಮಕ್ಕಳು ಪ್ರತಿ ದಾಖಲೆಗೂ ಅದರ ಮೊಳೆ ಹೊಡೆಯುತ್ತಾರೆ. “ಈತ ವ್ಯಾಪಾರಿ, ಆದ್ದರಿಂದ ಈತ ಪಕ್ಷಪಾತಿ” ಎಂಬ ವಾಕ್ಯ ಸಾವಿರಾರು ಉತ್ತರಗಳಲ್ಲಿ ಕಾಣುತ್ತದೆ. ಅದಕ್ಕೆ ಅಂಕವೂ ಇಲ್ಲ, ಅದರಲ್ಲಿ ಅರ್ಥವೂ ಇಲ್ಲ. ವ್ಯಾಪಾರಿಯಾದ್ದರಿಂದ ಆತನಿಗೆ ಏನು ಕಂಡಿತು, ಏನು ಕಾಣಲಿಲ್ಲ, ಯಾವುದನ್ನು ಹಿಗ್ಗಿಸಿ ಹೇಳಿದರೆ ಆತನಿಗೆ ಲಾಭ ಎಂದು ಹೇಳಿದಾಗ ಮಾತ್ರ ಅದು ವಿವರಣೆ.

ಕುದುರೆ ವ್ಯಾಪಾರಿಯೊಬ್ಬನನ್ನೇ ತೆಗೆದುಕೊಂಡು ನೋಡಬಹುದು. 2019ರ ಎ.ಪಿ. ವಿಶ್ವ ಇತಿಹಾಸದ ಪತ್ರಿಕೆಯಲ್ಲಿ ಬಂದ ಪ್ರಶ್ನೆ ಕನ್ನಡ ಕರಾವಳಿಗೆ ಹತ್ತಿರದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಹಿಂದೂ ಮಹಾಸಾಗರದ ಕಡಲ ವ್ಯಾಪಾರವನ್ನು ಎಷ್ಟರ ಮಟ್ಟಿಗೆ ಮಾರ್ಪಡಿಸಿದರು ಎಂದು ಅಳೆದು ಹೇಳಬೇಕಿತ್ತು. ಆ ಪತ್ರಿಕೆಯ ದಾಖಲೆಗಳನ್ನು ಬದಿಗಿಟ್ಟು, ಮನೆಯಲ್ಲೇ ಅಭ್ಯಾಸಕ್ಕೊಂದು ಕಟ್ಟು ಮಾಡಿಕೊಳ್ಳುವುದಾದರೆ ಸಾಮಗ್ರಿಗೆ ಬರವಿಲ್ಲ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯಸ್, 1535ರ ಸುಮಾರಿಗೆ ಬಂದ ನ್ಯೂನಿಜ್ ಇಬ್ಬರ ಬರಹಗಳೂ ರಾಬರ್ಟ್ ಸೆವೆಲ್ 1900ರಲ್ಲಿ ತಂದ ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿವೆ. ಮಲಾಕ್ಕಾದಲ್ಲಿದ್ದ ಔಷಧ ವ್ಯಾಪಾರ ಬಲ್ಲ ಟೊಮೆ ಪಿರೆಸ್ 1512–15ರ ಹೊತ್ತಿಗೆ ಬರೆದ ‘ಸುಮಾ ಓರಿಯೆಂಟಲ್’ ಇದೆ. ಮಲಬಾರಿನ ವಿದ್ವಾಂಸ ಜೈನುದ್ದೀನ್ ಮಖ್ದೂಮ್ ಶತಮಾನದ ಕೊನೆಯ ಭಾಗದಲ್ಲಿ ಅರಬ್ಬಿಯಲ್ಲಿ ಬರೆದ ‘ತುಹ್ಫತುಲ್ ಮುಜಾಹಿದೀನ್’ ಇದೆ.

ನ್ಯೂನಿಜ್ ಹೇಳುವ ಪ್ರಕಾರ ವಿಜಯನಗರದ ಅರಸ ವರ್ಷಕ್ಕೆ 13,000 ಹೊರ್ಮುಜ್ ಕುದುರೆಗಳನ್ನು ಕೊಳ್ಳುತ್ತಿದ್ದ. ಇನ್ನೂ ಹಿಂದಿನ ಸಾಳುವ ನರಸಿಂಹನಂತೂ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಹಣ ಎಣಿಸುತ್ತಿದ್ದನಂತೆ. ಈ ಸಂಖ್ಯೆಯನ್ನು ಹಾಗೇ ಎತ್ತಿ ಪ್ರಬಂಧಕ್ಕೆ ಅಂಟಿಸುವ ವಿದ್ಯಾರ್ಥಿಗೆ ದಾಖಲೆ ಬಳಸಿದ ಅಂಕವೇನೋ ಸಿಕ್ಕೀತು. ನೆತ್ತಿಯ ಸಾಲು ಓದಿದ ವಿದ್ಯಾರ್ಥಿ ಒಂದು ಕ್ಷಣ ನಿಲ್ಲುತ್ತಾಳೆ. ನ್ಯೂನಿಜ್ ಕುದುರೆ ವ್ಯಾಪಾರಿ. ಹಡಗು, ಬೆಲೆ, ಕುದುರೆ ಸಾಯುವ ಪ್ರಮಾಣ ಎಲ್ಲ ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ, ಆದ್ದರಿಂದ ವ್ಯಾಪಾರ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಆತ ಒಳ್ಳೆಯ ಸಾಕ್ಷಿ. ಅದೇ ಕಾರಣಕ್ಕೆ ಆ ಮಾರುಕಟ್ಟೆ ದೊಡ್ಡದು ಎಂದು ತನ್ನವರಿಗೆ ಹೇಳುವುದರಲ್ಲಿ ಅವನಿಗೆ ಆಸಕ್ತಿಯೂ ಇತ್ತು. ಸಂಖ್ಯೆಯಲ್ಲಿ ಎಷ್ಟು ಉಬ್ಬರ ಇದ್ದರೂ ಒಂದು ಮಾತು ಗಟ್ಟಿಯಾಗಿ ಉಳಿಯುತ್ತದೆ: ಈ ವ್ಯಾಪಾರಕ್ಕೆ ಪೋರ್ಚುಗೀಸರು ಬರುವ ಮೊದಲೇ ಬೇಡಿಕೆಯೂ ದಾರಿಯೂ ಇದ್ದವು, ನರಸಿಂಹನ ಕಥೆಯೇ ಅದಕ್ಕೆ ಸಾಕ್ಷಿ. ಹೀಗೆ ಒಂದೇ ದಾಖಲೆ ‘ಮಾರ್ಪಾಡು’ ಎಂಬ ಪ್ರಶ್ನೆಯ ಎರಡೂ ಬದಿಗೆ ದುಡಿಯುತ್ತದೆ.

ಜೈನುದ್ದೀನನ ಪುಸ್ತಕ ಇನ್ನೂ ಚೆನ್ನಾದ ಉದಾಹರಣೆ. ಪೋರ್ಚುಗೀಸರ ಕ್ರೌರ್ಯವನ್ನು ವಿವರಿಸಿ ಅವರ ವಿರುದ್ಧ ಹೋರಾಡಲು ಕರೆಕೊಡುವ ಕೃತಿ ಅದು. ಬರೆದವನು ಮುಸ್ಲಿಂ ವಿದ್ವಾಂಸ, ಆದ್ದರಿಂದ ವಿರೋಧಿ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅದನ್ನು ಅರ್ಪಿಸಿದ್ದು ಯಾರಿಗೆ ಎಂದು ನೋಡಿದರೆ ಕಥೆ ತೆರೆದುಕೊಳ್ಳುತ್ತದೆ. ಬಿಜಾಪುರದ ಸುಲ್ತಾನ ಮೊದಲನೆಯ ಅಲಿ ಆದಿಲ್ ಶಾಹನಿಗೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಕಿತ್ತುಕೊಂಡದ್ದು ಇದೇ ಬಿಜಾಪುರದ ಕೈಯಿಂದ, ಹೊನ್ನಾವರದ ತಿಮ್ಮೋಜನ ನೆರವಿನಿಂದ. 1570–71ರಲ್ಲಿ ಗೋವೆಗೆ ಮುತ್ತಿಗೆ ಹಾಕಿದ್ದು ಇದೇ ಅಲಿ ಆದಿಲ್ ಶಾಹ. ಹಾಗಾದರೆ ಈ ಪುಸ್ತಕ ನಡೆದದ್ದನ್ನು ಬರೆದಿಟ್ಟ ವೃತ್ತಾಂತ ಮಾತ್ರವಲ್ಲ, ಸೇನೆ ಉಳ್ಳವನ ಮುಂದಿಟ್ಟ ಮನವಿ. ಮನವಿಯಲ್ಲಿ ಹಾನಿ ದೊಡ್ಡದಾಗಿ ಕಾಣುವುದು ಸಹಜ. ಓದುಗವರ್ಗ ಎಂಬ ಅಂಕಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಗೈಡಿನಲ್ಲೂ ಸಿಗದು.

ಇಷ್ಟೆಲ್ಲ ಹೇಳಲು ಗೋವೆ, ಬಿಜಾಪುರ, 1510, 1570 ಇವು ತಲೆಯಲ್ಲಿರಬೇಕು. ದಾಖಲೆ ಕೊಡುವ ಪರೀಕ್ಷೆಗೆ ನೆನಪು ಬೇಡ ಎಂದು ನಂಬಿ ಕೂತವರು ಎಡವುವುದು ಇಲ್ಲೇ. ಹಿನ್ನೆಲೆಯ ಅಂಕವೂ ಹೊರಗಿನ ಸಾಕ್ಷ್ಯದ ಅಂಕವೂ ನೆನಪಿನಿಂದಲೇ ಬರಬೇಕು. ನಿಲುವು ಉದ್ದೇಶಗಳ ವಿವರಣೆಗೂ ನೆನಪೇ ಆಸರೆ. ಆದ್ದರಿಂದ ಅನುಭವಿ ಶಿಕ್ಷಕರು ಓದಿನ ಹದಿನೈದು ನಿಮಿಷವನ್ನು ದಾಖಲೆಯಿಂದ ಆರಂಭಿಸಲು ಬಿಡುವುದಿಲ್ಲ. ಮೊದಲು ಪ್ರಶ್ನೆ ಓದು, ಕಾಲಾವಧಿಗೆ ಗೆರೆ ಎಳೆ, ದಾಖಲೆ ನೋಡುವ ಮುಂಚೆ ನಿನಗೆ ಗೊತ್ತಿರುವುದನ್ನೆಲ್ಲ ಕಚ್ಚಾ ಹಾಳೆಯಲ್ಲಿ ಗೀಚಿಬಿಡು ಎನ್ನುತ್ತಾರೆ. ವಾಸ್ಕೊ ಡ ಗಾಮಾ 1498ರಲ್ಲಿ ಕಲ್ಲಿಕೋಟೆಗೆ ಬಂದದ್ದು, ಅದಕ್ಕೂ ಮುಂಚಿನ ಗುಜರಾತಿ ಮತ್ತು ಅರಬ್ ವರ್ತಕರು, ಮಾನ್ಸೂನ್ ಗಾಳಿ, ಮಲಾಕ್ಕಾ 1511, ಹೊರ್ಮುಜ್ 1515, ಪೋರ್ಚುಗೀಸರಿಂದ ‘ಕಾರ್ತಾಜ್’ ಎಂಬ ರಹದಾರಿ ಚೀಟಿ ಪಡೆಯದ ಹಡಗನ್ನು ಹಿಡಿಯುತ್ತಿದ್ದದ್ದು. ದಾಖಲೆ ಓದಿದ ಮೇಲೆ ಇವು ಹೊಳೆಯುವುದಿಲ್ಲ. ಕಾಗದಗಳ ಮಾತೇ ತಲೆ ತುಂಬಿಕೊಂಡಿರುತ್ತದೆ.

ಕಾಲಾವಧಿಯ ಗೆರೆ ಮುಖ್ಯ. ಇಕ್ಕೇರಿಗೂ ಉಳ್ಳಾಲಕ್ಕೂ ಹೋಗಿ ಬಂದ ಇಟಲಿಯ ಪಿಯೆತ್ರೊ ಡೆಲ್ಲಾ ವಾಲೆಯ ವರ್ಣನೆ ಎಷ್ಟೇ ಸೊಗಸಾಗಿರಲಿ, ಅದು 1623ರದ್ದು. 16ನೇ ಶತಮಾನದ ಪ್ರಶ್ನೆಗೆ ಅದನ್ನು ಪುರಾವೆ ಎಂದು ತಂದರೆ ಹೊಂದುವುದಿಲ್ಲ.

ಹೊರಗಿನ ಸಾಕ್ಷ್ಯದ ವಿಷಯದಲ್ಲಿ ಇನ್ನೊಂದು ತೊಡಕು. ಹೆಸರು ಉದುರಿಸಿದರೆ ಅಂಕ ಬರುವುದಿಲ್ಲ, ಅದನ್ನು ವಾದಕ್ಕೆ ಕಟ್ಟಬೇಕು. 2012ರ ವಿಶ್ವ ಇತಿಹಾಸದ ಪತ್ರಿಕೆ 1880ರಿಂದ 2005ರವರೆಗೆ ದಕ್ಷಿಣ ಏಷ್ಯಾದಲ್ಲಿ ಕ್ರಿಕೆಟ್ಟಿಗೂ ರಾಜಕೀಯಕ್ಕೂ ಇದ್ದ ನಂಟನ್ನು ವಿಶ್ಲೇಷಿಸಲು ಕೇಳಿತ್ತು. ಭಾರತೀಯ ಮನೆಗಳ ಮಕ್ಕಳಿಗೆ ಹಬ್ಬದಂಥ ಪ್ರಶ್ನೆ. ಕ್ರಿಕೆಟ್ ಗೊತ್ತಿದ್ದ ಮಾತ್ರಕ್ಕೆ ಉತ್ತರ ಗೊತ್ತಿದ್ದಂತಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಣಕರ್ ಬಾಳೂ 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಎಂದಷ್ಟೇ ಬರೆದರೆ ಅದು ಆಟದ ಸುದ್ದಿ. ಆತನ ಕೈಗೆ ಹಿಂದೂ ತಂಡದ ನಾಯಕತ್ವ ಬರಲೇ ಇಲ್ಲ, ತಮ್ಮ ವಿಠಲನಿಗೆ ಅದು ಸಿಗಲು 1923 ಆಗಬೇಕಾಯಿತು, 1937ರ ಮುಂಬಯಿ ಚುನಾವಣೆಯಲ್ಲಿ ಬಾಳೂ ಅಂಬೇಡ್ಕರರ ಎದುರೇ ನಿಂತು ಸೋತ ಎಂದು ಹೇಳಿ, ಮೈದಾನ ಜಾತಿಯ ರಾಜಕಾರಣದ ಕಣವೂ ಆಗಿತ್ತು ಎಂಬ ವಾದಕ್ಕೆ ಜೋಡಿಸಿದರೆ ಅದು ಸಾಕ್ಷ್ಯ. ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಓದಿದ ಹುಡುಗನಿಗೆ ಇದು ಮೊದಲೇ ಕೈಯಲ್ಲಿರುತ್ತದೆ. ಪಠ್ಯದಾಚೆಯ ಓದು ಅಂಕವಾಗುವ ಅಪರೂಪದ ಪರೀಕ್ಷೆ ಇದು.

ವಾದ ಎಂಬ ಮಾತು ಹಲವು ಸಲ ಬಂತು. ಅದು ಎಲ್ಲಿ ಕೆಡುತ್ತದೆ ಎಂಬುದು ಎಲ್ಲ ಶಿಕ್ಷಕರಿಗೂ ಗೊತ್ತು. ಒಂದನೇ ದಾಖಲೆ ಹೀಗೆ ಹೇಳುತ್ತದೆ, ಎರಡನೇ ದಾಖಲೆ ಹಾಗೆ ಹೇಳುತ್ತದೆ ಎಂದು ಏಳರವರೆಗೆ ಮೆರವಣಿಗೆ ಹೊರಡಿಸುವ ಉತ್ತರಗಳು. ಪ್ರತಿ ಪ್ಯಾರಾ ಒಂದು ದಾಖಲೆಯಿಂದ ಶುರುವಾದರೆ ಪ್ರಬಂಧ ದಾಖಲೆಗಳ ಕೈಯಲ್ಲಿದೆ ಎಂದರ್ಥ. ಪ್ಯಾರಾ ತನ್ನ ಮಾತಿನಿಂದ ಶುರುವಾಗಿ, ದಾಖಲೆಗಳು ಎರಡೋ ಮೂರೋ ಒಟ್ಟಾಗಿ ಅದರ ಬೆನ್ನಿಗೆ ಬರಬೇಕು. ಪೋರ್ಚುಗೀಸರ ಪ್ರಶ್ನೆಗೆ ಒಂದು ಗುಂಪು ‘ಸುರಕ್ಷತೆಯ ನಿಯಮ ಬದಲಾಯಿತು’ ಎನ್ನಬಹುದು: ಕೋಟೆ, ತೋಪು, ರಹದಾರಿ. ಇನ್ನೊಂದು ‘ವ್ಯಾಪಾರದ ಒಡಲು ಬದಲಾಗಲಿಲ್ಲ’ ಎನ್ನಬಹುದು: ಅದೇ ಮೆಣಸು, ಅದೇ ಮಾನ್ಸೂನ್, ಅದೇ ಗುಜರಾತಿ ಹಡಗು. ಶತಮಾನದ ನಡುವಿನ ಹೊತ್ತಿಗೆ ಮೆಣಸು ಮತ್ತೆ ಕೆಂಪು ಸಮುದ್ರದ ದಾರಿ ಹಿಡಿದು ವೆನಿಸ್ ತಲುಪುತ್ತಿತ್ತು ಎಂಬ ಒಂದು ಸಂಗತಿ ಈ ಎರಡನೇ ಗುಂಪಿಗೆ ಬೆನ್ನೆಲುಬು. ‘ಎಷ್ಟರ ಮಟ್ಟಿಗೆ’ ಎಂದು ಕೇಳಿದ ಪ್ರಶ್ನೆಗೆ ‘ಹೌದು’ ಎಂಬುದೂ ‘ಎರಡೂ ಇದೆ’ ಎಂಬುದೂ ಉತ್ತರವಲ್ಲ. ಯಾವುದು ಹೆಚ್ಚು, ಯಾಕೆ ಎಂದು ಒಂದು ಬದಿಗೆ ತೂಗಿ ಹೇಳಬೇಕು.

ಚಿತ್ರಗಳ ಬಗ್ಗೆ ಪ್ರತ್ಯೇಕವಾಗಿ ಹೇಳದೆ ಹೋದರೆ ತಪ್ಪಾದೀತು, ಏಕೆಂದರೆ ಏಳರಲ್ಲಿ ಒಂದಾದರೂ ಸಾಮಾನ್ಯವಾಗಿ ವ್ಯಂಗ್ಯಚಿತ್ರವೋ ನಕ್ಷೆಯೋ ಆಗಿರುತ್ತದೆ. 2018ರ ಅಮೆರಿಕದ ಇತಿಹಾಸದ ಪತ್ರಿಕೆ 1865ರಿಂದ 1910ರವರೆಗೆ ಪ್ರಪಂಚದಲ್ಲಿ ಅಮೆರಿಕದ ಪಾತ್ರ ಹಿಗ್ಗಿದ್ದಕ್ಕೆ ಕಾರಣಗಳನ್ನು ತೂಗಿನೋಡಲು ಕೇಳಿತ್ತು. ಇಂಥ ಪ್ರಶ್ನೆಯ ಅಭ್ಯಾಸಕ್ಕೆ ತರಗತಿಗಳಲ್ಲಿ ತೋರಿಸುವ ಪ್ರಸಿದ್ಧ ಚಿತ್ರ ಲೂಯಿ ಡಾಲ್ರಿಂಪಲ್ ‘ಪಕ್’ ಪತ್ರಿಕೆಗೆ 1899ರ ಜನವರಿಯಲ್ಲಿ ಬರೆದ ಶಾಲೆಯ ದೃಶ್ಯ. ಅಂಕಲ್ ಸ್ಯಾಮ್ ಮೇಷ್ಟ್ರು. ಮುಂದಿನ ಬೆಂಚಿನಲ್ಲಿ ಮುಖ ಊದಿಸಿಕೊಂಡ ಫಿಲಿಪೀನ್ಸ್, ಹವಾಯಿ, ಪೋರ್ಟೊ ರಿಕೊ, ಕ್ಯೂಬಾ. ಅಷ್ಟು ಮಾತ್ರ ಎಲ್ಲರೂ ಬರೆಯುತ್ತಾರೆ. ಚಿತ್ರದ ಅಂಚಿಗೆ ಕಣ್ಣು ಹೋದವರಿಗೆ ಕಿಟಕಿ ಒರೆಸುತ್ತಿರುವ ಕರಿಯ ಹುಡುಗ, ಬಾಗಿಲ ಬಳಿ ಪುಸ್ತಕವನ್ನು ತಲೆಕೆಳಗಾಗಿ ಹಿಡಿದ ಮೂಲನಿವಾಸಿ ಬಾಲಕ, ಹೊಸ್ತಿಲಾಚೆಯೇ ನಿಂತ ಚೀನಾದ ಹುಡುಗ ಕಾಣುತ್ತಾರೆ. ಹೊರದೇಶದಲ್ಲಿ ‘ನಾಗರಿಕತೆ ಕಲಿಸಲು’ ಹೊರಟವರ ಒಳಮನೆಯ ಲೆಕ್ಕ ಅಲ್ಲಿದೆ. ಅದನ್ನು ಹಿಂದಿನ ವರ್ಷದ ಸ್ಪೇನ್ ಯುದ್ಧಕ್ಕೂ ಅಂದಿನ ಜನಾಂಗ ಕಲ್ಪನೆಗೂ ಹೊಂದಿಸಿ ಎರಡು ವಾಕ್ಯ ಬರೆದರೆ ನಿಲುವು, ಹಿನ್ನೆಲೆ ಎರಡೂ ಸಿದ್ಧ.

ಬೇರೆ ಕಡೆಗಳಲ್ಲಿ ಇದೇ ಬಗೆಯ ಪರೀಕ್ಷೆ ಬೇರೆ ಬೇರೆ ವೇಷದಲ್ಲಿದೆ. ನ್ಯೂಯಾರ್ಕ್ ರಾಜ್ಯದ ರೀಜೆಂಟ್ಸ್ ಪರೀಕ್ಷೆಯ ವಿಶ್ವ ಇತಿಹಾಸದಲ್ಲಿ ಐದು ದಾಖಲೆ ಕೊಟ್ಟು, ಕಾಲದಿಂದ ಕಾಲಕ್ಕೆ ಮುಂದುವರಿದು ಬಂದ ಒಂದು ಸಮಸ್ಯೆಯನ್ನು ಅವುಗಳಲ್ಲಿ ಹುಡುಕಿ ಬರೆಯಿರಿ ಎನ್ನುತ್ತಾರೆ. ಬೆಂಗಳೂರಿನಲ್ಲೂ ಇರುವ ಐಬಿ ಶಾಲೆಗಳ ಮಕ್ಕಳು ಇತಿಹಾಸದ ಮೊದಲ ಪತ್ರಿಕೆಯಲ್ಲಿ ನಾಲ್ಕು ಆಕರಗಳ ಮೇಲೆ 24 ಅಂಕದ ಉತ್ತರ ಬರೆದು ಬಂದಿದ್ದಾರೆ. ಸಿಬಿಎಸ್‌ಇ ಹನ್ನೆರಡನೇ ತರಗತಿಯ ಇತಿಹಾಸದ 80 ಅಂಕಗಳಲ್ಲಿ 12 ಆಕರಾಧಾರಿತ. ಅದರ ಪಠ್ಯದ ವಿಜಯನಗರದ ಅಧ್ಯಾಯದಲ್ಲಿ ಪಾಯಸನ ಮಾತುಗಳೂ ಇವೆ. ವ್ಯತ್ಯಾಸ ಇಷ್ಟೆ: ಅಲ್ಲಿ ಒಂದು ತುಣುಕು ಕೊಟ್ಟು ಅದರಲ್ಲಿ ಏನಿದೆ ಎಂದು ಕೇಳುತ್ತಾರೆ. ಪಾಯಸನನ್ನು ನ್ಯೂನಿಜನ ಎದುರು ನಿಲ್ಲಿಸಿ ಯಾರ ಮಾತು ಎಷ್ಟು ನಿಲ್ಲುತ್ತದೆ ಎಂದು ಕೇಳುವುದಿಲ್ಲ. ಆ ಒಂದು ಹೆಜ್ಜೆ ಮುಂದಿಟ್ಟರೆ ನಮ್ಮ ಪಿಯುಸಿ ಮಕ್ಕಳಿಗೂ ಇದು ಅಸಾಧ್ಯವೇನಲ್ಲ. ಬೇಕಾದ ಪುಸ್ತಕ ಯಾವುದೇ ಹಳೆಯ ಕಾಲೇಜು ಗ್ರಂಥಾಲಯದಲ್ಲಿ ದೂಳು ತಿನ್ನುತ್ತಿರುತ್ತದೆ.

ಅಭ್ಯಾಸದ ಕ್ರಮದ ಬಗ್ಗೆ ಹೆಚ್ಚು ಬೆಳೆಸುವುದು ಬೇಡ. ಏಳು ದಾಖಲೆಗಳ ನೆತ್ತಿಯ ಸಾಲುಗಳನ್ನು ಮಾತ್ರ ತೋರಿಸಿ, ಒಡಲನ್ನು ಮುಚ್ಚಿ, ಒಳಗೆ ಏನಿರಬಹುದು ಎಂದು ಊಹಿಸಲು ಹೇಳುವುದು ಒಳ್ಳೆಯ ಆಟ. ಊಹೆ ತಪ್ಪಿದ ಕಡೆಯೇ ವಿವರಣೆ ಹುಟ್ಟುತ್ತದೆ. ಪೂರ್ತಿ ಪ್ರಬಂಧವನ್ನು ವಾರವಾರ ಬರೆಯುವ ಬದಲು ಹಳೆಯ ಪ್ರಶ್ನೆಗಳಿಗೆ ಪ್ರತಿಪಾದನೆಯ ವಾಕ್ಯವನ್ನಷ್ಟೇ ಬರೆದು ನೋಡುವುದು ಸಮಯ ಉಳಿಸುತ್ತದೆ. ಉದ್ಧರಣೆ ಚಿಹ್ನೆಯೊಳಗೆ ದಾಖಲೆಯ ಸಾಲುಗಳನ್ನು ನಕಲು ಮಾಡುವುದರಿಂದ ಏನೂ ಸಿಗದು, ತನ್ನ ಮಾತಿನಲ್ಲಿ ಹೇಳಬೇಕು. 2025ರ ಮೇ ತಿಂಗಳಿಂದ ಪರೀಕ್ಷೆ ಬ್ಲೂಬುಕ್ ಎಂಬ ತಂತ್ರಾಂಶದಲ್ಲಿ, ಪರದೆಯ ಮೇಲೆ ನಡೆಯುತ್ತಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುತ್ತಾ ಯೋಚಿಸುವ ಮಗು ಆ ಗೀಚುವಿಕೆಯನ್ನು ಕಚ್ಚಾ ಹಾಳೆಗೆ ವರ್ಗಾಯಿಸಿಕೊಳ್ಳುವುದನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು.

ಜೂನ್ ತಿಂಗಳಲ್ಲಿ ಕಾಲೇಜು ಪ್ರಾಧ್ಯಾಪಕರೂ ಎ.ಪಿ. ಪಾಠ ಮಾಡುವ ಪ್ರೌಢಶಾಲಾ ಶಿಕ್ಷಕರೂ ಸೇರಿ ಈ ಉತ್ತರಗಳನ್ನು ಓದುತ್ತಾರೆ. ಗಂಟೆಯೊಳಗೆ ಬರೆದದ್ದು ಕರಡು ಎಂದೇ ಅವರು ಎಣಿಸುತ್ತಾರೆ, ವ್ಯಾಕರಣದ ತಪ್ಪಿಗೆ ಅಂಕ ಕಡಿಯುವುದಿಲ್ಲ. ವಾದವನ್ನೇ ಬುಡಮೇಲು ಮಾಡದ ಸಣ್ಣ ಮಾಹಿತಿ ದೋಷವನ್ನೂ ಮನ್ನಿಸುತ್ತಾರೆ. ಸಂಕೀರ್ಣತೆಯ ಅಂಕದಲ್ಲಿ ಮಾತ್ರ ಈಚಿನ ಸಡಿಲಿಕೆ ಸ್ವಲ್ಪ ವಿಚಿತ್ರ. ಏಳೂ ದಾಖಲೆಗಳನ್ನು ಚೆನ್ನಾಗಿ ಬಳಸಿದರೆ, ಇಲ್ಲವೇ ನಾಲ್ಕರ ನಿಲುವು ಉದ್ದೇಶ ವಿವರಿಸಿದರೆ ಅದು ಸಿಕ್ಕಿಬಿಡಬಹುದು. ಸಂಕೀರ್ಣತೆಯನ್ನು ತಲೆಯೆಣಿಕೆಗೆ ಇಳಿಸಿದ್ದು ಅಂಕ ಹಾಕುವವರಿಗೆ ಅನುಕೂಲ, ಇತಿಹಾಸಕ್ಕಲ್ಲ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು ನಡೆದುಹೋಗಿದೆ. ವಿಶ್ವ ಇತಿಹಾಸದ ಡಿಬಿಕ್ಯುನಲ್ಲಿ 2016ರವರೆಗೆ ಒಂದು ಹೆಚ್ಚುವರಿ ಬೇಡಿಕೆ ಇತ್ತು: ಇಲ್ಲಿ ಕೊಟ್ಟಿಲ್ಲದ ಯಾವ ಬಗೆಯ ದಾಖಲೆ ಸಿಕ್ಕರೆ ನಿಮ್ಮ ಉತ್ತರಕ್ಕೆ ನೆರವಾಗುತ್ತಿತ್ತು, ಹೇಗೆ ಎಂದು ಹೇಳಿ. 2017ರ ಹೊಸ ಅಂಕಸೂತ್ರದಲ್ಲಿ ಅದನ್ನು ಕೈಬಿಟ್ಟರು. ಯಾಂತ್ರಿಕವಾಗಿ ‘ಒಬ್ಬ ರೈತನ ದಿನಚರಿ’ ಎಂದು ಬರೆದು ಮುಗಿಸುವವರು ಹೆಚ್ಚಿದ್ದರೇನೋ. ಆದರೂ ಕೊಟ್ಟ ಕಾಗದಗಳಲ್ಲಿ ಯಾರ ದನಿ ಇಲ್ಲ ಎಂದು ಕೇಳಿಸಿದ ಒಂದೇ ಜಾಗ ಅದಾಗಿತ್ತು. 2003ರಲ್ಲಿ ಕೂಲಿ ಕರಾರಿನ ಮೇಲೆ ಸಾಗರದಾಚೆಗೆ ಹೋದವರ ಬಗ್ಗೆ, 2010ರಲ್ಲಿ ಭಾರತ ಮತ್ತು ಜಪಾನಿನ ಹತ್ತಿ ಗಿರಣಿಗಳ ಬಗ್ಗೆ, 2011ರಲ್ಲಿ ಹಸಿರು ಕ್ರಾಂತಿಯ ಬಗ್ಗೆ ಪ್ರಶ್ನೆಗಳು ಬಂದಾಗ ಅದು ತುಂಬ ಕೆಲಸ ಮಾಡಿತು. ಅಂಕವಿಲ್ಲದಿದ್ದರೂ ಮನೆಯ ಅಭ್ಯಾಸದಲ್ಲಿ ಅದನ್ನು ಉಳಿಸಿಕೊಳ್ಳಲು ಅಡ್ಡಿಯೇನಿಲ್ಲ. ಏಳು ದಾಖಲೆ ಮುಗಿದ ಮೇಲೆ ಎಂಟನೆಯದರ ನೆತ್ತಿಯ ಸಾಲನ್ನು ಮಗುವೇ ಬರೆಯಲಿ. ಪೋರ್ಚುಗೀಸರ ಪ್ರಶ್ನೆಗಾದರೆ ಭಟ್ಕಳದ ಸುಂಕದ ಕಟ್ಟೆಯ 1530ರ ಲೆಕ್ಕಪುಸ್ತಕ ಎನ್ನಬಹುದು, ಹೊರ್ಮುಜಿನಿಂದ ಕುದುರೆಗಳ ಜೊತೆ ಬಂದ ಸಾಹಣಿಯ ಹೇಳಿಕೆ ಎನ್ನಬಹುದು, ರಹದಾರಿ ಚೀಟಿಗೆ ದುಡ್ಡು ತೆತ್ತ ಮಾಪ್ಪಿಳೆ ನಾವಿಕ ಮನೆಗೆ ಬರೆಸಿದ ಪತ್ರ ಎನ್ನಬಹುದು. ಪ್ರತಿಯೊಂದಕ್ಕೂ, ಇದು ಸಿಕ್ಕರೆ ನನ್ನ ವಾದದ ಯಾವ ವಾಕ್ಯ ಬದಲಾಗುತ್ತಿತ್ತು ಎಂದು ಎರಡು ಸಾಲು ಸೇರಿಸಬೇಕು.